ತೋಟದ ಬೋರ್ಡು ಯಾರಿಗಾಗಿ?

ಸರ್ಕಾರಿ ತೋಟಗಳಿಗೂ ನಗರದ ನಡುವೆ ಉಳಿದಿರುವ ಕಾಡಿನ ತುಣುಕುಗಳಿಗೂ ಈಗ 'ಬ್ರ್ಯಾಂಡ್' ಬೇಕಂತೆ! ಹೊಸ ಲಾಂಛನ, ಹೊಸ ಬಣ್ಣ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ದಾರಿಫಲಕಗಳು. ರಾಜಧಾನಿಯ ದೊಡ್ಡ ಮನುಷ್ಯರು ಆಡುವ ಈ ಮಾತು ನಮ್ಮ ಕಿವಿಗೂ ಬೀಳುತ್ತಿದೆ. ಹಣ ಯಾರದೆಂದು ಕೇಳಬೇಕಾಗಿಲ್ಲ, ಅದು ನಮ್ಮದೇ. ಬೋರ್ಡು ಯಾರಿಗಾಗಿ ಎಂಬುದನ್ನು ಮಾತ್ರ ನಾವು ಕೇಳಲೇಬೇಕಾಗಿದೆ.

ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ ಒಂದು ಸಂಸಾರ ಲಾಲ್‌ಬಾಗಿಗೆ ಹೊರಟಿತೆನ್ನಿ. ಗಂಡ ಇಟ್ಟಿಗೆ ಗೂಡಿನ ಆಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಗೂ ಅತ್ತೆಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಚಿಂತೆಯಿಲ್ಲ. ವರ್ಷಕ್ಕೆರಡು ಸಲ ನಡೆಯುವ ಫಲಪುಷ್ಪ ಪ್ರದರ್ಶನ ನೋಡಬೇಕೆಂಬುದು ಮಕ್ಕಳ ಆಸೆ. ತೋಟ 240 ಎಕರೆ, ಅದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಒಳಹೊಕ್ಕವರಿಗೆ ಬೇಕಾದದ್ದಿಷ್ಟು: ಕುಡಿಯುವ ನೀರೆಲ್ಲಿ, ಹೆಂಗಸರ ಪಾಯಿಖಾನೆ ಎಲ್ಲಿ, ಮುದುಕಿ ಕೂರಲು ನೆರಳಿನಲ್ಲಿ ಕಲ್ಲುಬೆಂಚು ಎಲ್ಲಿ, ಊರಿನ ಬಸ್ಸಿಗೆ ಯಾವ ಬಾಗಿಲಿನಿಂದ ಹೊರಡಬೇಕು. ತಪ್ಪಿದ ಬಾಗಿಲಿನಿಂದ ಹೊರಬಿದ್ದರೆ ಸಂಜೆಯ ಬಸ್ಸೂ ತಪ್ಪಿತು, ಮಾರನೆಯ ದಿನದ ಕೂಲಿಯೂ ಹೋಯಿತು. ಇದಕ್ಕೆ ಉತ್ತರ ಹೇಳದ ಬೋರ್ಡು ಎಷ್ಟು ಚೆಂದವಿದ್ದು ಏನು ಬಂತು?

2017ರ ಡಿಸೆಂಬರಿನಲ್ಲಿ ಬೆಂಗಳೂರು ನಗರಕ್ಕೇ ಒಂದು ಲಾಂಛನ ಹುಟ್ಟಿತು. ದೇಶದಲ್ಲಿ ಲಾಂಛನ ಪಡೆದ ಮೊದಲ ನಗರವೆಂದು ಸಂಭ್ರಮಿಸಿದರು. ಕನ್ನಡ ಅಕ್ಷರಕ್ಕೆ ಇಂಗ್ಲಿಷ್ ಅಕ್ಷರ ಬೆಸೆದು ಊರಿನ ಹೆಸರು ಬರೆದು, ಅದರೊಳಗೆ 'ಬಿ ಯು' ಎಂದು ಕೆಂಪಿನಲ್ಲಿ ಎತ್ತಿ ತೋರಿಸಿದರು. ನೀನು ನೀನಾಗಿರು ಎಂಬ ಉಪದೇಶ! ಮೆಜೆಸ್ಟಿಕ್‌ನಲ್ಲಿ ಇಳಿದು ದಾರಿ ಕಾಣದೆ ನಿಂತ ಕೂಲಿಕಾರನಿಗೆ ಬೇಕಾದದ್ದು ಈ ಉಪದೇಶವಲ್ಲ, ಬಸ್ಸಿನ ನಂಬರು.

ಹೆಸರನ್ನು ಕಚೇರಿಯಲ್ಲಿ ಕೂತು ಹುಟ್ಟಿಸಬಹುದೆಂಬ ಭ್ರಮೆ ಹೊಸದಲ್ಲ. 1870ರಲ್ಲಿ ಸ್ಯಾಂಕಿ ಎಂಬ ಇಂಜಿನಿಯರು ಕಟ್ಟಿದ ತೋಟಕ್ಕೆ ಮೊದಲು ಮೀಡ್ಸ್ ಪಾರ್ಕ್ ಎಂದು ಹೆಸರಿಟ್ಟರು, ಆಮೇಲೆ ಕಬ್ಬನ್ ಪಾರ್ಕ್ ಎಂದರು, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಬದಲಿಸಿದರು. ಮೀಡ್ ಸಾಹೇಬರನ್ನು ಜನ ಮರೆತರು, ಮಹಾರಾಜರ ಹೆಸರು ಕಾಗದದಲ್ಲಿ ಉಳಿಯಿತು. ಆಟೋದವನಿಗೆ ಇಂದಿಗೂ ಅದು ಕಬ್ಬನ್ ಪಾರ್ಕ್. ನಮಗೇನೂ ಕಬ್ಬನ್ ದೊರೆಯ ಮೇಲೆ ಮೋಹವಿಲ್ಲ. ದಾರಿ ಕೇಳುವವನ ಬಾಯಲ್ಲಿರುವ ಹೆಸರು ಬೋರ್ಡಿನ ಮೇಲೂ ಇರಬೇಕೆಂಬುದಷ್ಟೇ ನಮ್ಮ ವಾದ.

ಚಿತ್ರ ಬರೆಯುವವರ ವಿದ್ಯೆಯನ್ನು ನಾವು ಹಳಿಯುತ್ತಿಲ್ಲ. ಮೆಕ್ಸಿಕೋ ನಗರದಲ್ಲಿ 1969ರಲ್ಲಿ ಸುರಂಗ ರೈಲು ಓಡತೊಡಗಿದಾಗ, ಲ್ಯಾನ್ಸ್ ವೈಮನ್ ಎಂಬ ಕಲಾವಿದ ಮತ್ತು ಸಂಗಡಿಗರು ನಿಲ್ದಾಣಕ್ಕೊಂದರಂತೆ ಚಿತ್ರ ಬರೆದರು. ಅಲ್ಲಿನ ದೊಡ್ಡ ನಗರವನದ ಹೆಸರು ಚಾಪುಲ್ಟೆಪೆಕ್. ಮೂಲನಿವಾಸಿಗಳ ಮಾತಿನಲ್ಲಿ ಮಿಡತೆಗುಡ್ಡ ಎಂದರ್ಥ. ಆ ನಿಲ್ದಾಣಕ್ಕೆ ಮಿಡತೆಯ ಚಿತ್ರ! ಅಕ್ಷರ ಬಾರದವನೂ ಮಿಡತೆ ಕಂಡು ಇಳಿಯುತ್ತಾನೆ. ಮನೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಆಡುವ ನಮ್ಮ ಗಡಿ ಸೀಮೆಯವರಿಗೆ ಬೇಕಾದ ವಿದ್ಯೆ ಇದೇ. ಲಾಲ್‌ಬಾಗಿಗೇನು ಚಿತ್ರಕ್ಕೆ ಬರವೇ? ಮುನ್ನೂರು ಕೋಟಿ ವರ್ಷದ ಬಂಡೆಯಿದೆ, ಅದರ ಮೇಲೆ ಕೆಂಪೇಗೌಡರ ಗೋಪುರವಿದೆ, ಗಾಜಿನ ಮನೆಯಿದೆ, ಕೆರೆಯಿದೆ. ಎಚ್‌ಎಂಟಿಯ ಹೂವಿನ ಗಡಿಯಾರವಿದೆ. ಆ ಕೈಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಾರ್ಮಿಕರು ಗಳಿಸಿದ ಹೆಸರು ಮಾತ್ರ ಇನ್ನೂ ಜನರ ನಾಲಿಗೆಯ ಮೇಲಿದೆ. ಯಾವ ಬ್ರ್ಯಾಂಡ್ ಪಂಡಿತನೂ ಅದನ್ನು ಹುಟ್ಟಿಸಿದ್ದಲ್ಲ.

ಅಂಗಡಿಕಾರ ಮಿತ್ರರಿಗೆ ಇನ್ನೊಂದು ಮಾತು ನೆನಪಿರಬೇಕು. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು. ಕಾನೂನು ನ್ಯಾಯವಾದದ್ದೇ, ನಾವು ಅದರ ಪರ. ಆದರೆ ಬೋರ್ಡು ಬದಲಿಸುವ ಖರ್ಚು ಸಣ್ಣ ವರ್ತಕನ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು. ಅವನಿಗೆ ಅಳತೆಪಟ್ಟಿ ಹಿಡಿದು ತೋರಿಸುವ ಸರ್ಕಾರ ತನ್ನ ತೋಟದ ಫಲಕಕ್ಕೂ ಅದೇ ಪಟ್ಟಿ ಹಿಡಿಯಲಿ. ಬರಿಯ ಅಳತೆ ಸಾಲದು, ಭಾಷೆಯೂ ನಮ್ಮದಾಗಿರಲಿ. 'ಶೌಚಗೃಹ ಸಂಕೀರ್ಣ' ಎಂದು ಬರೆದು ಕನ್ನಡ ಉದ್ಧಾರವಾಯಿತೆಂದರೆ ಯಾರೂ ಒಪ್ಪರು. ಮರಕ್ಕೆ ಹೊಡೆದ ತಗಡಿನಲ್ಲಿ ಲ್ಯಾಟಿನ್ ಹೆಸರಿರಲಿ, ಬೇಡವೆನ್ನುವುದಿಲ್ಲ. ಅದರ ಮೇಲೆ 'ಹೊಂಗೆ' ಎಂದು ದಪ್ಪಕ್ಷರದಲ್ಲಿರಲಿ.

ಇದು ರಾಜಧಾನಿಯ ಮಾತು, ನಮಗೇಕೆಂದು ಯಾರೂ ಸುಮ್ಮನಿರಬೇಡಿ. ಇಂದು ಅಲ್ಲಿ ಚಲಾವಣೆಯಾದದ್ದು ನಾಳೆ ಕೋಲಾರದ ಅಂತರಗಂಗೆಯ ಬೆಟ್ಟ ಹತ್ತುತ್ತದೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಜಾಗಕ್ಕೆ ಬಸವನ ಮುಖಕ್ಕಿಂತ ಬೇರೆ ಯಾವ ಲಾಂಛನ ಬೇಕು? ಲಾಂಛನದ ಹಿಂದೆಯೇ ಕಬ್ಬಿಣದ ಗೇಟು, ಗೇಟಿನ ಹಿಂದೆಯೇ ಟಿಕೆಟ್ ಕಿಟಕಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಅಲ್ಲಿ ಬೋರ್ಡು ಬೇಕು, ಖಂಡಿತ ಬೇಕು: ಮೆಟ್ಟಿಲ ದಾರಿ, ಗುಹೆಯ ದಾರಿ, ಕೋತಿಗಳ ಎಚ್ಚರಿಕೆ, ಇಳಿಯುವ ಹೊತ್ತು. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸ ತಪ್ಪಿದ ಬೋರ್ಡು ಬರೆಯುವವರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಆ ಕೆಲಸ ಅವರಿಗೆ ಸಿಗಲಿ. ಏನು ಬರೆಯಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರಿಗಳು ಟೆಂಡರು ಕರೆಯುವ ಮೊದಲು ಒಂದು ಭಾನುವಾರ ಮಾಲೂರಿನ ಬಸ್ ನಿಲ್ದಾಣಕ್ಕೆ ಬಂದು, ಲಕ್ಕೂರಿನ ಬಸ್ಸಿನಿಂದ ಇಳಿಯುವವರನ್ನು ಕೇಳಿ ಬರೆದುಕೊಳ್ಳಲಿ.