ಇಂಗ್ಲಿಷಿಗೆ ಹೋದ ನಮ್ಮ ಕೊಳೆರೋಗ

ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ‘ಕೊಲೆರೋಗ’ ಎಂಬ ಶಾಸ್ತ್ರೀಯ ಶಬ್ದವೊಂದಿದೆ. ಅದು ನಮ್ಮ ಕೊಳೆರೋಗವೇ. ‘ಳ’ಕಾರ ಬಾರದ ನಾಲಿಗೆಯಲ್ಲಿ ಕೊಳೆ ಹೋಗಿ ಕೊಲೆಯಾಯಿತು. ಫಸಲು ಕಳೆದುಕೊಂಡ ಬೆಳೆಗಾರರು ಈ ಉಚ್ಚಾರವನ್ನು ಆಕ್ಷೇಪಿಸಲಾರರು!

ಕೊಳೆ ಅಚ್ಚಗನ್ನಡ, ರೋಗ ಸಂಸ್ಕೃತದಿಂದ ಬಂದದ್ದು. 1876ರಲ್ಲಿ ಎಂ. ಸಿ. ಕುಕ್ ಎಂಬ ಆಂಗ್ಲ ಶಿಲೀಂಧ್ರಶಾಸ್ತ್ರಜ್ಞರು ಕಾಫಿ ಎಲೆಯ ಬೂಷ್ಟಿಗೆ ‘ಪೆಲ್ಲಿಕ್ಯುಲೇರಿಯ ಕೊಲೆರೋಗ’ ಎಂದು ಹೆಸರಿಟ್ಟರು. ಪೆಲ್ಲಿಕ್ಯುಲ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೆಳು ಪೊರೆ. ಕಪ್ಪಾಗಿ ಕೊಳೆತ ಎಲೆ ನೆಲಕ್ಕೆ ಬೀಳದೆ, ಬೂಷ್ಟಿನ ನೂಲಿಗೆ ಜೋತು ತೂಗಾಡುವುದನ್ನು ಆಷಾಢದ ಮಳೆಯಲ್ಲಿ ಕಂಡವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. 1958ರಲ್ಲಿ ಡಾಂಕ್ ಎಂಬ ವಿದ್ವಾಂಸರು ಕುಲದ ಹೆಸರನ್ನೇ ‘ಕೊಲೆರೋಗ’ ಎಂದು ಮಾಡಿದರು. ತೋಟದ ಆಳುಮಕ್ಕಳ ಬಾಯಿಮಾತಿಗೆ ಸಿಕ್ಕ ಗೌರವವಿದು ಎಂದೇ ನಾವು ಭಾವಿಸುತ್ತೇವೆ.

ಆದರೆ ಅಡಿಕೆಯ ಕೊಳೆ ಬೇರೆ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿ, ರೋಗಾಣುವನ್ನು ‘ಫೈಟಾಫ್ತೊರ’ ಕುಲಕ್ಕೆ ಸೇರಿಸಿದರು. ಗ್ರೀಕಿನಲ್ಲಿ ಫೈಟಾನ್ ಎಂದರೆ ಸಸ್ಯ, ಫ್ತೊರ ಎಂದರೆ ನಾಶ. ಆಲೂಗೆಡ್ಡೆಯ ಅಂಗಮಾರಿಯನ್ನು ಅಭ್ಯಾಸ ಮಾಡಿದ ಜರ್ಮನಿಯ ಡಿ ಬಾರಿ ಈ ಹೆಸರಿಟ್ಟದ್ದೂ 1876ರಲ್ಲೇ. ಇದು ನಿಜವಾದ ಶಿಲೀಂಧ್ರವೂ ಅಲ್ಲ. ನೀರಿನಲ್ಲಿ ಈಜುವ ಬೀಜಾಣುಗಳ ಬೇರೆಯೇ ಪಂಗಡ.

ನಮ್ಮ ಹಿರಿಯರು ಕಣ್ಣಿಗೆ ಕಂಡದ್ದಕ್ಕೆ ಹೆಸರಿಟ್ಟರು, ಅದರಲ್ಲಿ ತಪ್ಪಿಲ್ಲ. ಎರಡೂ ಕೊಳೆಯುತ್ತವೆ. ಎರಡಕ್ಕೂ ಮೈಲುತುತ್ತ, ಸುಣ್ಣ ಕೂಡಿಸಿದ ಶೇಕಡಾ 1ರ ಬೋರ್ಡೋ ದ್ರಾವಣವೊಂದೇ ಗತಿಯಾಗಿದ್ದಾಗ ಒಂದೇ ಹೆಸರಿನಿಂದ ಹಾನಿಯೂ ಇರಲಿಲ್ಲ. ಈಗ ಅಂಗಡಿಯ ಕಪಾಟಿನಲ್ಲಿ ಹತ್ತಾರು ಔಷಧಗಳಿವೆ. ಕಾಫಿಯ ಕೊಳೆಗೆ ನಾಟುವ ಕಾರ್ಬೆಂಡಜಿಂ ಅಡಿಕೆಯ ಕೊಳೆಗೆ ನಾಟದು; ಅಡಿಕೆಯ ರೋಗಾಣುವನ್ನು ಹಿಡಿಯುವ ಮೆಟಲಾಕ್ಸಿಲ್ ಕಾಫಿಯ ಬೂಷ್ಟನ್ನು ಮುಟ್ಟದು. ಅಡಿಕೆ, ಕಾಫಿ ಎರಡೂ ಇರುವ ಸಣ್ಣ ಬೆಳೆಗಾರ “ಕೊಳೆಗೆ ಔಷಧ ಕೊಡಿ” ಎಂದಷ್ಟೇ ಕೇಳಿದರೆ, ಕೊಟ್ಟವನೂ ಸರಿ, ತಂದವನೂ ಸರಿ, ಕಾಯಿ ಮಾತ್ರ ಉದುರುತ್ತದೆ. ಮರ ಹತ್ತಿ ಸಿಂಪಡಿಸಿದವರ ಕೂಲಿ ಬೇರೆ ದಂಡ.

ಆದ್ದರಿಂದ ಸಂಘಗಳ ಮಳಿಗೆಗಳಲ್ಲಿ, ಬಿಲ್ಲುಗಳಲ್ಲಿ ‘ಕಾಫಿಕೊಳೆ’, ‘ಅಡಿಕೆಕೊಳೆ’ ಎಂದು ಬಿಡಿಸಿ ಬರೆಯಬೇಕೆಂಬುದು ನಮ್ಮ ಒತ್ತಾಯ. ಬರುವ ಮುಂಗಾರಿಗೆ ಮುನ್ನ ಇದು ಜಾರಿಗೆ ಬರಲಿ.