ಬಾವಿಯ ನೀರು, ಬಿಯರ್ ಮತ್ತು ಅರೆಬರೆ ವರದಿ

ನೀರನ್ನು ಮೆದುಗೊಳಿಸುವ ಯಂತ್ರಗಳ ವ್ಯಾಪಾರದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ತೊಡಗಿರುವ ನಾನು, ನನ್ನ ಸರಕಿನ ವಿರುದ್ಧವೇ ಎರಡು ಮಾತು ಬರೆಯಬೇಕಾಗಿ ಬಂದಿದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಮೈಕ್ರೋಬ್ರೂವರಿಯೊಂದಕ್ಕೆ ಇಂತಹ ಯಂತ್ರವನ್ನು ಒದಗಿಸಿದ್ದೆ. ಅವರ ಕೊಳವೆಬಾವಿಯ ನೀರಿನ ಗಡಸುತನ ಲೀಟರಿಗೆ 300 ಮಿ.ಗ್ರಾಂ. ಇದ್ದದ್ದು ಶೂನ್ಯದ ಹತ್ತಿರಕ್ಕೆ ಇಳಿಯಿತು. ಮಾಲೀಕರಿಗೂ ಸಂತೋಷ, ನನಗೂ ಸಂತೋಷ. ಆದರೆ ಅವರ ತಿಳಿಬಣ್ಣದ ಬಿಯರಿನ ಒಗರು ಕಡಿಮೆಯಾಗುವ ಬದಲು ಹೆಚ್ಚಿತು. ಮೂರು ಸಲ ತಯಾರಿಸಿದ್ದು ಚರಂಡಿಯ ಪಾಲಾಯಿತು. ದೋಷ ಯಂತ್ರದ್ದಾಗಿರಲಿಲ್ಲ, ವರದಿಯನ್ನು ಓದಲರಿಯದ ನನ್ನದಾಗಿತ್ತು.

ಪುಡಿಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಯಿಡುವ ಹಂತದಲ್ಲಿ ಮಿಶ್ರಣದ ಪಿಎಚ್ ಸುಮಾರು 5.2ರಿಂದ 5.6ರ ಒಳಗೆ ಇರಬೇಕು. ನೀರಿನ ಕ್ಷಾರೀಯತೆ ಅದನ್ನು ಮೇಲಕ್ಕೆ ಎಳೆಯುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾಲ್ಟಿನ ಫಾಸ್ಫೇಟುಗಳೊಡನೆ ಕೂಡಿ ಕೆಳಕ್ಕೆ ಇಳಿಸುತ್ತವೆ. ಈ ಎಳೆದಾಟವನ್ನು ಜರ್ಮನಿಯ ಪಾಲ್ ಕೋಲ್ಬಾಕ್ 1953ರಲ್ಲಿ ಒಂದು ಸರಳ ಲೆಕ್ಕಕ್ಕೆ ತಂದರು: ಕ್ಷಾರೀಯತೆಯಿಂದ ಕ್ಯಾಲ್ಸಿಯಂ ಗಡಸುತನದ ಮೂರೂವರೆಯಲ್ಲೊಂದು ಪಾಲನ್ನೂ ಮೆಗ್ನೀಸಿಯಂ ಗಡಸುತನದ ಏಳರಲ್ಲೊಂದು ಪಾಲನ್ನೂ ಕಳೆಯಬೇಕು. ನನ್ನ ಗ್ರಾಹಕರ ನೀರಿನಲ್ಲಿ ಕ್ಷಾರೀಯತೆ 300, ಕ್ಯಾಲ್ಸಿಯಂ ಗಡಸುತನ 200, ಮೆಗ್ನೀಸಿಯಂ ಗಡಸುತನ 100 ಇತ್ತು. ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ. ಉಳಿಕೆ ಕ್ಷಾರೀಯತೆ ಸುಮಾರು 229. ನನ್ನ ಯಂತ್ರವಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಅವುಗಳ ಜಾಗದಲ್ಲಿ ಸೋಡಿಯಂ ಬಿಡುತ್ತದೆ, ಕ್ಷಾರೀಯತೆಯನ್ನು ಮುಟ್ಟುವುದೇ ಇಲ್ಲ. ಹೀಗಾಗಿ 229 ಇದ್ದದ್ದು 300 ಆಯಿತು. ಕೊನೆಗೆ ಯಂತ್ರವನ್ನು ಬದಿಗಿರಿಸಿ, ಬಾವಿಯ ನೀರಿಗೇ ಅಳತೆಮಾಡಿ ಲ್ಯಾಕ್ಟಿಕ್ ಆಮ್ಲ ಬೆರೆಸಿದ ಮೇಲೆ ಬಿಯರು ಸರಿಹೋಯಿತು.

ಅದೇ 300ರ ಗಡಸುತನವಿದ್ದು ಕ್ಷಾರೀಯತೆ ಕೇವಲ 100 ಇರುವ ಬಾವಿಯೂ ಇರಬಹುದು. ಅದರ ನೀರು ತಿಳಿಬಣ್ಣದ ಬಿಯರಿಗೆ ಹೆಚ್ಚೇನೂ ತಿದ್ದುಪಡಿ ಬೇಡುವುದಿಲ್ಲ. ಇವೆರಡು ಅಂಶಗಳ ಮಟ್ಟಿಗೆ ಐಎಸ್ 10500ರ ಪ್ರಕಾರ ಎರಡು ಬಾವಿಗಳೂ ಅನುಮತಿಸಿದ ಮಿತಿಯೊಳಗೇ ಇವೆ. ಕುಡಿಯುವ ನೀರಿನ ವರದಿ ಆರೋಗ್ಯದ ಪ್ರಶ್ನೆಗೆ ಉತ್ತರ ಕೊಡುತ್ತದೆ, ತಯಾರಕನ ಪ್ರಶ್ನೆಗಲ್ಲ. ತಯಾರಕನಿಗೆ ಬೇಕಾದುದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್ ಮತ್ತು ಕ್ಷಾರೀಯತೆಗಳ ಬಿಡಿಬಿಡಿ ಅಂಕಿಗಳು. ನಗರದ ಬಾವಿಯಾದರೆ ನೈಟ್ರೇಟ್ ಮತ್ತು ಕಬ್ಬಿಣವೂ ಸೇರಲಿ.

ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳಲ್ಲಿ ಜಿಪ್ಸಮ್ ಹೇರಳ. 19ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿದ್ದ ಕಹಿಯಾದ ಪೇಲ್ ಏಲ್ ಹೆಸರು ಗಳಿಸಿದ್ದು ಆ ನೀರಿನಿಂದಲೇ. 1842ರಲ್ಲಿ ಪಿಲ್ಸೆನ್ನಿನಲ್ಲಿ ಹುಟ್ಟಿದ ಬಿಯರಿಗೆ ಅತ್ಯಂತ ಮೆದುವಾದ ನೀರು ಆಧಾರವಾಯಿತು.

ಕರ್ನಾಟಕ ಅಬಕಾರಿ ಅಧಿನಿಯಮ, 1965ರಂತೆ ಸನ್ನದಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ಆದ್ದರಿಂದ ಈ ಮಾತುಗಳು ಸನ್ನದುದಾರರನ್ನು ಕುರಿತವು. ಅಮೆರಿಕದಲ್ಲಿ ಮನೆಯಲ್ಲೇ ಹವ್ಯಾಸಕ್ಕಾಗಿ ಬಿಯರ್ ಮಾಡುವವನು ತನ್ನ ಬಾವಿಯ ನೀರನ್ನು ನೆಬ್ರಾಸ್ಕಾದ ವಾರ್ಡ್ ಪ್ರಯೋಗಾಲಯದಂತಹ ಕಡೆಗೆ ಅಂಚೆಯಲ್ಲಿ ಕಳುಹಿಸಿ, ತಯಾರಕರಿಗೆಂದೇ ರೂಪಿಸಿದ ವರದಿಯನ್ನು ತರಿಸಿಕೊಳ್ಳುತ್ತಾನೆ. ದೊಡ್ಡ ಬಂಡವಾಳ ಹೂಡಿದ ನಮ್ಮ ಉದ್ಯಮಿ ಮಾತ್ರ ‘ಕುಡಿಯಲು ಯೋಗ್ಯ’ ಎಂಬ ಒಂದು ಸಾಲನ್ನು ಕಡತದಲ್ಲಿಟ್ಟು ನಿಶ್ಚಿಂತನಾಗಿರುತ್ತಾನೆ!

ಆರ್.ಒ. ಯಂತ್ರವೊಂದಿದ್ದರೆ ಈ ತಲೆನೋವೇ ಬೇಡವೆನ್ನುವವರಿದ್ದಾರೆ. ಅದನ್ನೂ ನಾನು ಮಾರುತ್ತೇನೆ. ಆದರೆ ಗಡಸುನೀರಿನಲ್ಲಿ ಅದು ಹೊರಚೆಲ್ಲುವ ಪಾಲು ಸಣ್ಣದಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ಕಂಡ ಮೇಲೂ, ಇಡೀ ಬಾವಿಯ ನೀರನ್ನು ಅದರಲ್ಲಿ ಹಾಯಿಸಿ, ಆಮೇಲೆ ಅದಕ್ಕೇ ಕ್ಯಾಲ್ಸಿಯಂ ಲವಣವನ್ನು ಕೊಂಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಸರಿಯಾದ ಅಂಕಿಗಳಿದ್ದರೆ ಎಷ್ಟು ಪಾಲು ಶುದ್ಧೀಕರಿಸಿ ಬೆರೆಸಿದರೆ ಸಾಕೆಂಬುದನ್ನು ಮೊದಲೇ ಲೆಕ್ಕಹಾಕಬಹುದು. ದಿನಕ್ಕೊಂದು ಬಾವಿಯಿಂದ ಬರುವ ಟ್ಯಾಂಕರ್ ನೀರನ್ನು ನೆಚ್ಚಿದವರಿಗಂತೂ ಈ ಲೆಕ್ಕವೂ ಒದಗದು, ಅವರಿಗೆ ಆರ್.ಒ. ಅನಿವಾರ್ಯವೇ.

ನಮ್ಮ ಸಂಸ್ಥೆ ಮಾಡಬಹುದಾದ ಕೆಲಸವೊಂದಿದೆ. ಸದಸ್ಯ ಪ್ರಯೋಗಾಲಯಗಳೊಡನೆ ಮಾತನಾಡಿ, ಮೇಲೆ ಹೇಳಿದ ಆರು ಅಂಶಗಳ ಪರೀಕ್ಷೆಗೆ ಒಂದೇ ನಮೂನೆಯ ವರದಿಯನ್ನೂ ಒಂದೇ ದರವನ್ನೂ ಗೊತ್ತುಪಡಿಸಲಿ. ಧನ ಅಯಾನುಗಳ ಮತ್ತು ಋಣ ಅಯಾನುಗಳ ಮೊತ್ತಗಳನ್ನು ಮಿಲಿ ಈಕ್ವಿವಲೆಂಟಿನಲ್ಲಿ ವರದಿಯ ಕೊನೆಗೆ ನಮೂದಿಸಬೇಕು. ಅವೆರಡರ ನಡುವೆ ಹೆಚ್ಚು ಅಂತರವಿದ್ದರೆ ಎಲ್ಲೋ ಅಳತೆ ತಪ್ಪಿದೆಯೆಂದು ಗ್ರಾಹಕನೇ ಹಿಡಿಯಬಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಪರೀಕ್ಷೆ ನಡೆಯಲಿ. ಮಾದರಿ ತೆಗೆಯುವ ಮೊದಲು ಪಂಪನ್ನು ಕೆಲವು ನಿಮಿಷ ಓಡಿಸಿ, ಬಾಟಲಿಯನ್ನು ಗಾಳಿ ಉಳಿಯದಂತೆ ತುಂಬಿ, ತಡಮಾಡದೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಈ ಸೇವೆ ಆರಂಭವಾದರೆ ಅಂದು ಕೈಸುಟ್ಟುಕೊಂಡ ನನ್ನ ಗ್ರಾಹಕರ ಬಾವಿಯ ನೀರನ್ನೇ ಮೊದಲ ಮಾದರಿಯಾಗಿ ನನ್ನ ಖರ್ಚಿನಲ್ಲಿ ಕಳುಹಿಸಿಕೊಡುವೆನು.