ಮಕ್ಕಳ ಜೇಬಿನ ಚಿತ್ರ ಎಲ್ಲಿಗೆ ಹೋಯಿತು?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಲವತ್ತು ದಾಟಿದವರನ್ನು ನಿಲ್ಲಿಸಿ, ಚಿಕ್ಕಂದಿನಲ್ಲಿ ಏನು ಕೂಡಿಡುತ್ತಿದ್ದಿರಿ ಎಂದು ಕೇಳಿ ನೋಡಿ. ದುಡ್ಡು ಎನ್ನುವವರು ವಿರಳ. ಖಾಲಿ ಸಿಗರೇಟು ಪ್ಯಾಕು, ಬೆಂಕಿಪೊಟ್ಟಣದ ಚಿತ್ರ, ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿ ಎಂದೇ ಹೇಳಿಯಾರು. ಇಂದು ಅವೇ ಊರುಗಳ ಹುಡುಗರ ಜೇಬಿನಲ್ಲಿ ಇವೊಂದೂ ಇಲ್ಲ. ಹಿರಿಯರು ನಿಟ್ಟುಸಿರು ಬಿಟ್ಟು ‘ಕಾಲ ಕೆಟ್ಟಿತು’ ಎನ್ನುತ್ತಾರೆ. ಕಾಲ ತಾನಾಗಿ ಕೆಡುವುದಿಲ್ಲ. ಆ ಚಿತ್ರಗಳು ಯಾರ ಲಾಭಕ್ಕೆ ಬಂದವು, ಏಕೆ ಹೋದವು, ಅವುಗಳ ಜಾಗಕ್ಕೆ ಬಂದದ್ದೇನು ಎಂಬುದನ್ನು ವಿಚಾರಿಸದೆ ಬರಿದೇ ಮರುಗುವುದರಿಂದ ಪ್ರಯೋಜನವಿಲ್ಲ.

ಮೊದಲು ಹುಟ್ಟನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಗರೇಟು ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಮಾರಾಟವಾಗುತ್ತಿತ್ತು. ಒಳಗಿನ ಸರಕು ನಜ್ಜುಗುಜ್ಜಾಗದಿರಲೆಂದು ಒಂದು ರಟ್ಟಿನ ಚೂರು ಇಡುತ್ತಿದ್ದರು. ಬರಿಯ ರಟ್ಟೇಕೆ ಎಂದು ಅದರ ಮೇಲೆ ಚಿತ್ರ ಅಚ್ಚು ಹಾಕಿದರು. 1896ರಲ್ಲಿ ಇಂಗ್ಲೆಂಡಿನ ವಿಲ್ಸ್ ಕಂಪನಿ 50 ಕ್ರಿಕೆಟ್ ಆಟಗಾರರ ಚಿತ್ರಮಾಲೆಯನ್ನು ಹೊರಡಿಸಿತು. ಅಪ್ಪ ಸೇದಬೇಕು, ಮಗ ಚಿತ್ರ ಕೂಡಿಸಬೇಕು. ಮಗನ ಮಾಲೆ ಪೂರ್ತಿಯಾಗಬೇಕಾದರೆ ಅಪ್ಪ ಮತ್ತೆ ಅದೇ ಸಿಗರೇಟನ್ನು ಕೊಳ್ಳಬೇಕು. ವ್ಯಾಪಾರದ ಗುಟ್ಟು ಇಷ್ಟೇ. 1940ರಲ್ಲಿ ಯುದ್ಧದಿಂದಾಗಿ ಕಾಗದದ ಅಭಾವ ಬಂದು ಇಂಗ್ಲೆಂಡಿನಲ್ಲಿ ಈ ಚಿತ್ರಗಳು ನಿಂತವು. ಮಗುವಿನ ಸಂತೋಷ ಎಂದೂ ಕಂಪನಿಯ ಲೆಕ್ಕದಲ್ಲಿ ಇರಲಿಲ್ಲ.

ನಮ್ಮ ಸೀಮೆಗೆ ಈ ಕಥೆ ದೂರದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹೊಲಗಳಲ್ಲಿ ಬೆಳೆಯುವುದೇ ವರ್ಜೀನಿಯಾ ಹೊಗೆಸೊಪ್ಪು. 1976ರಲ್ಲಿ ತಂಬಾಕು ಮಂಡಳಿ ಬಂತು. 1984ರಿಂದ ನಮ್ಮ ರಾಜ್ಯದಲ್ಲಿ ಮಂಡಳಿಯ ಹರಾಜು ನಡೆಯಿತು. ಎಲೆ ಬ್ಯಾರನ್ನಿನಲ್ಲಿ ಬೆಂದು, ಬೇಲಾಗಿ, ಲಾರಿ ಹತ್ತಿ ಹೋಗುತ್ತದೆ. ಊರಿಗೆ ಹಿಂದಿರುಗಿ ಬರುತ್ತಿದ್ದುದು ಬಸ್ ನಿಲ್ದಾಣದಲ್ಲಿ ಯಾರೋ ಸೇದಿ ಎಸೆದ ಖಾಲಿ ಪ್ಯಾಕು. ಅದನ್ನು ಹುಡುಗ ಆರಿಸಿಕೊಂಡ. ಸುಲಭವಾಗಿ ಸಿಕ್ಕುವ ಪ್ಯಾಕಿಗೆ ಕಡಿಮೆ ಬೆಲೆ, ದೂರದ ಪ್ರಯಾಣಿಕ ಎಸೆದ ಅಪರೂಪದ ಪ್ಯಾಕಿಗೆ ಹೆಚ್ಚು ಬೆಲೆ. ಗೋಲಿ, ಬುಗುರಿ ಆಟಗಳಿಗೆ ಅದೇ ಪಣ. ಹರಾಜಿನಲ್ಲಿ ಅಪ್ಪ ಬೆಳೆದ ಎಲೆಯ ದರವನ್ನು ಕೊಳ್ಳುವವನು ಕೂಗಿದ. ಖಾಲಿ ಪ್ಯಾಕಿನ ದರವನ್ನು ಮಾತ್ರ ಮಗ ತಾನೇ ಕಟ್ಟಿದ.

ಈ ಒಂದು ಮಾತಿನಲ್ಲಿ ನಾವು ಕಳೆದುಕೊಂಡದ್ದೆಲ್ಲ ಇದೆ. ಒಡೆಯನ ಮಗನೂ ಕೂಲಿಯ ಮಗನೂ ಒಂದೇ ಜಗಲಿಯ ಮೇಲೆ ಕುಳಿತು ಚಿತ್ರಕ್ಕೆ ಚಿತ್ರ ಬದಲಾಯಿಸುತ್ತಿದ್ದರು. ಆ ಪೇಟೆಯಲ್ಲಿ ಸಾಲವಿರಲಿಲ್ಲ, ಬಡ್ಡಿಯಿರಲಿಲ್ಲ, ದಲ್ಲಾಳಿಯಿರಲಿಲ್ಲ. ಮೋಸ ಮಾಡಿದವನನ್ನು ಮರುದಿನ ಆಟಕ್ಕೆ ಸೇರಿಸುತ್ತಿರಲಿಲ್ಲ. ಅಷ್ಟೇ ಅಲ್ಲಿನ ಕಾನೂನು.

ಹಾಗೆಂದು ಆ ಕಾಲವನ್ನು ಬಂಗಾರದ ಕಾಲವೆಂದು ಹೊಗಳಲಾಗದು. ಹುಲಿ, ನವಿಲು, ವಿಮಾನಗಳಿದ್ದ ಬೆಂಕಿಪೊಟ್ಟಣದ ಚಿತ್ರಗಳು ನಮಗೆ ಬಹಳ ಮಟ್ಟಿಗೆ ಶಿವಕಾಶಿ ಕಡೆಯಿಂದ ಬರುತ್ತಿದ್ದವು. ಅಲ್ಲಿನ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಮಕ್ಕಳೂ ಇದ್ದರು. ಆ ಮಕ್ಕಳ ವಿಷಯವಾಗಿ ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟು, ಕಾನೂನು ಮೀರಿ ದುಡಿಸಿಕೊಂಡ ಪ್ರತಿ ಮಗುವಿಗೂ ಮಾಲೀಕ 20,000 ರೂಪಾಯಿ ಕಟ್ಟಬೇಕೆಂದಿತು. ಒಂದು ಊರಿನ ಮಗು ದುಡಿದ ಕಾರ್ಖಾನೆಯ ಚಿತ್ರವನ್ನು ಇನ್ನೊಂದು ಊರಿನ ಮಗು ಆಸೆಯಿಂದ ಕಿತ್ತು ಇಟ್ಟುಕೊಂಡಿತು. ನೆನಪಿನ ಸವಿಯಲ್ಲಿ ಇದನ್ನು ಮರೆಯಬಾರದು.

ಮುಂದೆ ಕ್ರಿಕೆಟಿನ ಹುಚ್ಚು ಬಂತು. ಬಿಗ್ ಫನ್ ಬಬಲ್ ಗಮ್ಮಿನ ಚೀಟಿಯಲ್ಲಿ ಆಟಗಾರನ ಚಿತ್ರ, ಜೊತೆಗೆ ಇಷ್ಟು ರನ್ನು, ಇಷ್ಟು ವಿಕೆಟ್ಟು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಬೌಲ್ ಮಾಡುತ್ತಿದ್ದ ಕಾಲವದು. ಹಳ್ಳಿಯ ಹುಡುಗನಿಗೂ ಆ ಹೆಸರು ತನ್ನೂರಿನದೇ ಎನಿಸುತ್ತಿತ್ತು. 1996ರ ವಿಶ್ವಕಪ್ಪಿಗೆ ವಿಲ್ಸ್ ಎಂದೇ ಹೆಸರು. ನೂರು ವರ್ಷದ ಹಿಂದೆ ಚಿತ್ರ ಹೊರಡಿಸಿದ ಹೆಸರು ಈಗ ಇಡೀ ಪಂದ್ಯಾವಳಿಯನ್ನೇ ಕೊಂಡಿತ್ತು. 1999ರ ವಿಶ್ವಕಪ್ಪಿಗೆ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಯ ಮೇಲೆ ರನ್ನು ಬಂದಾಗ ಅಂಗಡಿಯ ಮುಂದಿನ ಕಸದಲ್ಲಿ ಮಕ್ಕಳು ಹೊದಿಕೆ ಹುಡುಕುತ್ತಿದ್ದುದನ್ನು ನಮ್ಮ ಅಂಗಡಿಕಾರ ಮಿತ್ರರು ಮರೆತಿರಲಾರರು.

ಆಮೇಲೆ ಒಂದೊಂದಾಗಿ ಕಳಚಿತು. 2001ರಲ್ಲಿ ಸಿಗರೇಟು ಕಂಪನಿ ಭಾರತ ತಂಡದ ಪ್ರಾಯೋಜಕತ್ವವನ್ನು ಬಿಟ್ಟಿತು. 2003ರ ಕಾನೂನು ತಂಬಾಕಿನ ಜಾಹೀರಾತಿಗೆ ತಡೆಯೊಡ್ಡಿತು. ಶಾಲೆಯ ನೂರು ಗಜದೊಳಗೆ ಮಾರಬಾರದೆಂದಿತು. 2016ರಿಂದ ಪ್ಯಾಕಿನ ಎರಡು ಮುಖಗಳಲ್ಲೂ ನೂರಕ್ಕೆ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿತು. ಅಂಥ ಪ್ಯಾಕನ್ನು ಯಾವ ಮಗು ಕೂಡಿಟ್ಟೀತು? ಇದು ಒಳ್ಳೆಯದೇ ಆಯಿತು. ಅದಕ್ಕಾಗಿ ನಾವು ಕಣ್ಣೀರಿಡಬೇಕಾಗಿಲ್ಲ.

ಆದರೆ ತೆರವಾದ ಜಾಗದಲ್ಲಿ ಬಂದು ಕುಳಿತದ್ದೇನು? ಕೈಫೋನಿನ ಪಂದ್ಯದ ಆಟ. ಹನ್ನೊಂದು ಆಟಗಾರರ ಹೆಸರು ಆರಿಸು, ದುಡ್ಡು ಹಾಕು, ಗೆದ್ದರೆ ಲಕ್ಷ ಎಂಬ ಆಸೆ. ಹಿಂದೆ ಎದೆಯ ಮೇಲೆ ವಿಲ್ಸ್ ಹೊತ್ತಿದ್ದ ಭಾರತ ತಂಡ 2023ರಿಂದ 2025ರವರೆಗೆ ಡ್ರೀಮ್ ಇಲೆವೆನ್ ಹೊತ್ತಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ ಮೇಲೆ ಆ ಹೆಸರೂ ಅಂಗಿಯಿಂದ ಇಳಿಯಿತು. ಸಿಗರೇಟು ಪ್ಯಾಕು ಸೋತ ಹುಡುಗ ಕಾಗದ ಸೋತ. ಫೋನಿನಲ್ಲಿ ಸೋತವನು ಅಪ್ಪನ ಬಟವಾಡೆಯನ್ನು ಸೋತ. ಜಗಲಿಯ ಮೇಲೆ ಎದುರಿಗೊಬ್ಬ ಗೆಳೆಯನಿದ್ದ. ಫೋನಿನಲ್ಲಿ ಎದುರಾಳಿಯ ಮುಖವೇ ಇಲ್ಲ.

ಶ್ರೀಮಂತ ದೇಶದಲ್ಲಿ ಚಿತ್ರ ಸಾಯಲಿಲ್ಲ, ಆದರೆ ಮಗುವಿನ ಕೈತಪ್ಪಿತು. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಗಮ್ಮಿನ ಜೊತೆ ಮಾರಿತು. ಮಾರಾಟವಾಗದೆ ಉಳಿದವನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದೆವೆಂದು ಕಂಪನಿಯ ಸೈ ಬರ್ಗರ್ ಅವರೇ ಹೇಳಿದ್ದುಂಟು. ಅದೇ ಮಾಲೆಯ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟು ಬೆಲೆಯ ಕಾರ್ಡಿನಿಂದ ಯಾವ ಹುಡುಗ ತಾನೇ ಆಡಿಯಾನು?

ಆದುದರಿಂದ ನಮ್ಮ ಸೂಚನೆ ಇದು. ಕಂಪನಿಯ ಚಿತ್ರಕ್ಕಾಗಿ ಮಕ್ಕಳು ಕಾಯುವುದು ಬೇಡ. ನಮ್ಮ ಚಿತ್ರವನ್ನು ನಾವೇ ಅಚ್ಚು ಹಾಕೋಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರ ಚಿತ್ರ ಯಾವ ಹುಡುಗಿಯ ಪೆಟ್ಟಿಗೆಯಲ್ಲಿದೆ? ಹಿಂದೆಯೂ ಆಟಗಾರರ ಚಿತ್ರ ಗಂಡುಹುಡುಗರ ಪಾಲಾಗಿ, ಹೆಣ್ಣುಮಕ್ಕಳಿಗೆ ಬಳೆಚೂರೇ ಉಳಿದಿತ್ತು. ಆ ತಪ್ಪನ್ನೂ ಈಗ ತಿದ್ದಬಹುದು.

ತಾಲ್ಲೂಕಿನ ಕಬಡ್ಡಿ, ಖೋಖೋ, ಕುಸ್ತಿಪಟುಗಳ ಚಿತ್ರವನ್ನು ನಮ್ಮ ಪಟ್ಟಣದ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಲಿ. ಕೃಷ್ಣರಾಜನಗರದ ಅಕ್ಕಿ ಗಿರಣಿಯ ಕಾರ್ಮಿಕರು, ಹುಣಸೂರು ಪೇಟೆಯ ವರ್ತಕರು ಕೈಯಲ್ಲಾದಷ್ಟು ಹಾಕಿದರೆ ಖರ್ಚು ದೊಡ್ಡದಲ್ಲ. ಗಮ್ಮು ಬೇಡ, ಹೊಗೆ ಬೇಡ, ಬಹುಮಾನದ ಆಸೆಯೂ ಬೇಡ. ಪಂಚಾಯತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಮಕ್ಕಳು ಕುಳಿತು ಬದಲಾಯಿಸಿಕೊಳ್ಳಲಿ. ಯಾವ ಚಿತ್ರಕ್ಕೆ ಎಷ್ಟು ಬೆಲೆ ಎಂಬುದನ್ನು ದೊಡ್ಡವರು ಹೇಳಕೂಡದು. ಅದನ್ನು ಮಕ್ಕಳೇ ಕಟ್ಟಲಿ.